ಉತ್ತರ ಬಂದಿಲ್ಲ, ಮುಚ್ಚಲಾಗಿದೆ

2024 ನವೆಂಬರ್ 17, ಭಾನುವಾರ. ಚಿಂತಾಮಣಿ

ಕೆಲಸ ಮುಗಿಯಿತು. ಮುಗಿದ ಕೆಲಸಕ್ಕೆ ಏನು ಖರ್ಚಾಯಿತು ಎಂದು ಬರೆದಿಡುವುದು ನನ್ನ ಅಭ್ಯಾಸ. ದಸರೆಯಿಂದ ಈಚೆಗಿನ ಭಾನುವಾರಗಳೆಲ್ಲ ಹೋದವು. ಹೆಂಡತಿ ಕವಿತಳ ಅಣ್ಣನ ಮನೆ ಗೃಹಪ್ರವೇಶಕ್ಕೆ ಹೋಗಲಿಲ್ಲ. ಅದರ ಬಡ್ಡಿ ಅಡುಗೆಮನೆಯಿಂದ ಇನ್ನೂ ಬರುತ್ತಿದೆ. ಎರಡು ಕನ್ನಡಕ, ಒಂದರ ಮೇಲೆ ನಾನೇ ಕೂತೆ, ಇನ್ನೊಂದಕ್ಕೆ ನಂಬರು ಏರಿತು. ವೇಣು ಜೊತೆ ಮೂರು ಜಗಳ, ಅದರಲ್ಲಿ ಎರಡು ಚಿಲ್ಲರೆ. ಬಂದದ್ದು ಏನೆಂದರೆ, ಇನ್ನೂರ ಮೂವತ್ತೆಂಟು ಇದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ಲಾಭವೇ.

ಇಳಿದದ್ದು ದೂರುಗಳು. ವೇಣು ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರು, ನಿವೃತ್ತ ಮೇಷ್ಟ್ರು ಚೆನ್ನರಾಯಪ್ಪನವರ ಮಗ. ಅವನು ಬರೆದ ತಂತ್ರಾಂಶದ ಹೆಸರು ‘ಬೆಚ್ಚಗೆ’. ರೇಷ್ಮೆ ಹುಳುಮನೆಯ ಗೋಡೆಗೆ ಹಾಕುವ ಪೆಟ್ಟಿಗೆಯೊಳಗೆ ಅದು ಕೂತಿರುತ್ತದೆ. ಬಿಸಿ, ತೇವ ನೋಡಿಕೊಂಡು ಹೀಟರು ಹಚ್ಚುತ್ತದೆ, ಫ್ಯಾನು ತಿರುಗಿಸುತ್ತದೆ. ಓಪನ್ ಸೋರ್ಸು. ಯಾರು ಬೇಕಾದರೂ ಎತ್ತಿಕೊಳ್ಳಬಹುದು, ತಿದ್ದಬಹುದು, ಕಾಸು ಕೊಡಬೇಕಾಗಿಲ್ಲ. ಈ ಮಾತು ಮೊದಲ ಸಲ ಕೇಳಿದಾಗ ಇದು ದಿವಾಳಿಯ ದಾರಿ ಎಂದಿದ್ದೆ. ಆಮೇಲೆ ತಿಳಿಯಿತು, ತಂತ್ರಾಂಶ ಪುಕ್ಕಟೆ, ಪೆಟ್ಟಿಗೆ ಪುಕ್ಕಟೆಯಲ್ಲ. ಪೆಟ್ಟಿಗೆ ಮಾರುವವನು ನಾನು. ಹುಳು ಸಾಕುವವರಿಗೆ ತಟ್ಟೆ, ಬಲೆ, ಸುಣ್ಣ ಮಾರುತ್ತಿದ್ದ ಮೋಹನ್‌ಬಾಬು ಎಂಬ ಎಸ್ಸೆಸ್ಸೆಲ್ಸಿ ನಪಾಸು ಈಗ ಪ್ರಾಜೆಕ್ಟಿನ ಪಾಲುದಾರ.

ಇಂಥ ಪ್ರಾಜೆಕ್ಟಿಗೆ ಅಂತರ್ಜಾಲದಲ್ಲಿ ಒಂದು ಬಗ್ ಪಟ್ಟಿ ಇರುತ್ತದೆ. ಏನು ಕೆಟ್ಟಿದೆಯೋ ಅದನ್ನೆಲ್ಲ ಲೋಕಕ್ಕೆ ಕಾಣುವ ಹಾಗೆ ಬರೆದು ಹಾಕುವುದು. ಅಂಗಡಿ ಮುಂದೆ ತನ್ನ ಕೊಳೆತ ಟೊಮೆಟೊ ತಾನೇ ಜೋಡಿಸಿಟ್ಟ ಹಾಗೆ. ಬೆಂಗಳೂರಿನ ಒಂದು ಪ್ರತಿಷ್ಠಾನ ನಮಗೆ ಸಹಾಯಧನ ಕೊಡಲು ಮುಂದೆ ಬಂದಿದೆ. ಅವರು ಮೊದಲು ನೋಡುವುದು ಈ ಪಟ್ಟಿಯನ್ನೇ. ವೇಣುವಿಗೆ ಕೋಡು ಬರೆಯಲು ಮಾತ್ರ ಬರುತ್ತದೆ. ಹಾಗಾಗಿ ಪಟ್ಟಿಯ ಬೀಗದಕೈ ನಾನು ತೆಗೆದುಕೊಂಡೆ.

ಒಂದೇ ಒಂದು ನಿಯಮ ಹಾಕಿಸಿದೆ. ದೂರು ಬಂದ ಕೂಡಲೇ ಪಟ್ಟಿ ತಾನಾಗಿ ‘ಪೆಟ್ಟಿಗೆಯ ಲಾಗ್ ಕಳಿಸಿ’ ಎಂದು ಕೇಳುತ್ತದೆ. ಪೆಟ್ಟಿಗೆ ಏನೇನು ಮಾಡಿತು ಎನ್ನುವ ದಾಖಲೆ ಅದು. ಪೆನ್‌ಡ್ರೈವ್ ಚುಚ್ಚಿ ತೆಗೆಯಬೇಕು. ವಾರದೊಳಗೆ ಬರದಿದ್ದರೆ ‘ಉತ್ತರ ಬಂದಿಲ್ಲ, ಮುಚ್ಚಲಾಗಿದೆ’ ಎಂದು ಬರೆದು ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟು ಚಂದ ಮುಚ್ಚಿತೆಂದರೆ, ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನಲವತ್ತು.

ವೇಣು ಮುಖ ಊದಿಸಿಕೊಂಡ. “ಅಣ್ಣ, ಮುಚ್ಚಿದ್ದು ಬೇರೆ, ಸರಿಹೋಗಿದ್ದು ಬೇರೆ.”

“ನೋಡೋರಿಗೆ ಎರಡೂ ಒಂದೇ ಬಣ್ಣ ಕಣಪ್ಪ,” ಅಂದೆ. ಅದು ಚಿಲ್ಲರೆಯಲ್ಲದ ಜಗಳ.

ನವೆಂಬರ್ 21, ಗುರುವಾರ

ಮಂಚೇನಹಳ್ಳಿ ಕಡೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಕಲ್ಯಾಣಿಯನ್ನು ಕೊಟ್ಟಿರುವುದು ಅಲ್ಲಿಂದ ಎರಡು ಮೈಲಿ ಒಳಗೆ. ನನ್ನ ಪೆಟ್ಟಿಗೆ ಕೊಂಡ ಮೊದಲ ಮನೆ ಅವರದು. ಹೊಸಬರಿಗೆಲ್ಲ ಆ ಮನೆಯ ಹೆಸರು ಹೇಳಿಯೇ ಮಾರುತ್ತೇನೆ.

ಹುಳು ಮೂರನೇ ಜ್ವರದಲ್ಲಿದ್ದವು, ಎಂದರೆ ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗಿದ್ದವು. ಹಾಗಾಗಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಕಲ್ಯಾಣಿಯ ಅತ್ತೆ ಓಬಳಮ್ಮ ಹೊಸಿಲ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಹಲ್ಲಿಲ್ಲ, ನಾಲಿಗೆಗೆ ಎಲುಬಿದೆ.

“ಏಮಪ್ಪಾ ಪೆಟ್ಟಿಗೆ ಸಾಹುಕಾರ, ಹೊಟ್ಟೆ ಬಂದೈತೆ. ನನ್ನ ಹುಳ ನಿನ್ನ ಹಂಗೆ ತಿಂದಿದ್ರೆ ಹತ್ತು ದಿನಕ್ಕೇ ಹಣ್ಣಾಗಿ ಗೂಡು ಕಟ್ಟೋವು.”

ನಾನೂ ಬಿಡಲಿಲ್ಲ, ನಿಮ್ಮ ಬೈಗುಳ ಕೇಳಿ ಹುಳ ಬೇಗ ಗೂಡು ಕಟ್ಟಿಕೊಳ್ಳುತ್ತವಂತೆ ಎಂದೆ. ಮುದುಕಿ ನಕ್ಕು ಸುಣ್ಣದ ಡಬ್ಬಿ ಎತ್ತಿ ಹೊಡೆಯಲು ಬಂದರು.

ಹೊರಡುವಾಗ ಕಲ್ಯಾಣಿ ಸೊಪ್ಪಿನ ಬುಟ್ಟಿ ಹಿಡಿದು ಬೇಲಿಯವರೆಗೂ ಬಂದಳು. ಹಿಂದೆ ತಿರುಗಿ ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು. “ಅಣ್ಣ, ಕರೆಂಟು ಹೋಗಿ ಬರ್ತದಲ್ಲ, ಆಮೇಲೆ ಪೆಟ್ಟಿಗೇಲಿ ಫ್ಯಾನು ತಿರುಗ್ತಾ ಐತೆ ಅಂತ ಹಸಿರು ಲೈಟು ಬರ್ತದೆ. ಹೋಗಿ ನೋಡಿದ್ರೆ ಫ್ಯಾನು ನಿಂತಿರ್ತದೆ. ಮೂರು ಸಲ ಆಯ್ತು.”

ಅವಳು ಅಷ್ಟು ಹೇಳಿದ್ದೇ ದೊಡ್ಡದು. ನಮ್ಮ ಕಡೆ ಹುಳು ತಟ್ಟೆಯ ಮೇಲಿರುವಾಗ ಹುಳುಮನೆಯ ಕೆಡುಕನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳುವಂತಿಲ್ಲ. ಹೇಗಿದೆ ಬೆಳೆ ಎಂದರೆ ಪರವಾಗಿಲ್ಲ ಎನ್ನಬೇಕು. ರೋಗವಿರಲಿ, ಸೂರು ಸೋರಲಿ, ಪರವಾಗಿಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಹೋದಮೇಲೆ ಎಷ್ಟು ಬೇಕಾದರೂ ಬೈಯಬಹುದು. ನಾನೂ ಅದರಲ್ಲೇ ಬೆಳೆದವನು; ನಮ್ಮವ್ವ ಹುಳು ಇದ್ದಾಗ ನನಗೆ ಜ್ವರ ಬಂದರೂ ಪಕ್ಕದ ಮನೆಗೆ ಹೇಳುತ್ತಿರಲಿಲ್ಲ.

ಬಸ್ಸಿನಲ್ಲೇ ಫೋನಿನಿಂದ ದೂರು ಏರಿಸಿದೆ. ಹೆಸರು: ಕಲ್ಯಾಣಿ. ಪಟ್ಟಿ ತಕ್ಷಣ ಲಾಗ್ ಕೇಳಿತು. ಕೇಳಿದ್ದನ್ನು ಹಾಗೇ ಅವಳಿಗೆ ದಾಟಿಸಿದೆ.

ನವೆಂಬರ್ 29, ಶುಕ್ರವಾರ

ಇವತ್ತಿನ ಬಾಕಿ ಹನ್ನೊಂದು. ನಾಲ್ಕು ತಾವಾಗಿಯೇ ಮುಚ್ಚಿಕೊಂಡವು, ಕಲ್ಯಾಣಿಯದೂ ಸೇರಿ. ಲಾಗ್ ಕಳಿಸಲಿಲ್ಲ. ಪೆನ್‌ಡ್ರೈವ್ ಹಿಡಿದು ಒಳಗೆ ಹೋಗಲು ಅತ್ತೆ ಬಿಟ್ಟಿರಲಾರರು. ಬೆಳೆ ಮುಗಿದ ಮೇಲೆ ನೋಡೋಣ.

ಡಿಸೆಂಬರ್ 8, ಭಾನುವಾರ

ಪ್ರತಿಷ್ಠಾನದ ಪವಿತ್ರ ಅವರು ಚಿಕ್ಕಬಳ್ಳಾಪುರಕ್ಕೆ ಬಂದಿದ್ದರು. ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ನಮ್ಮ ಪಟ್ಟಿ ನೋಡಿದರು. ಬಾಕಿ ಏಳು. ಇಷ್ಟು ಶಿಸ್ತಿನ ಪ್ರಾಜೆಕ್ಟು ಕಂಡಿಲ್ಲ, ನಿರ್ವಹಣೆ ಯಾರದು ಎಂದು ಕೇಳಿದರು. ವೇಣು ಇಡ್ಲಿ ನೋಡುತ್ತಿದ್ದ. ನಾನೇ ಹೇಳಿದೆ. ನನ್ನನ್ನು ಒಂದು ಸಭೆಯಲ್ಲಿ ಮಾತಾಡಿಸುತ್ತಾರಂತೆ; ‘ಬಗ್ ಪಟ್ಟಿಯಿಂದ ಹೆಚ್ಚು ಕೆಲಸ ತೆಗೆಯುವುದು ಹೇಗೆ’ ಎನ್ನುವುದು ವಿಷಯ. ಸಹಾಯಧನದ ಪತ್ರಕ್ಕೆ ಜನವರಿ ಒಂಬತ್ತಕ್ಕೆ ಸಹಿ.

ವಾಪಸು ಬರುವಾಗ ಶಿಡ್ಲಘಟ್ಟ ದಾಟಿದ ಮೇಲೆ ವೇಣು, ನಿಜವಾಗಿ ಸರಿಮಾಡಿದ್ದು ಇಪ್ಪತ್ತೂ ಇಲ್ಲ ಅಣ್ಣ ಎಂದ. ಉಳಿದವು ಕೇಳುವವರಿಲ್ಲದೆ ಹೋದವು ಎಂದೆ. ಕೇಳುವವರಿಲ್ಲದ್ದನ್ನು ಬಾಕಿಯೆಂದು ಯಾವ ಅಂಗಡಿಯವನು ಬರೆದುಕೊಳ್ಳುತ್ತಾನೆ?

ಡಿಸೆಂಬರ್ 12, ಗುರುವಾರ

ಬೆಳಿಗ್ಗೆ ಮೂರು ಪೆಟ್ಟಿಗೆ ಹೋದವು, ಎರಡು ತೊಂಡೇಬಾವಿ ಕಡೆಗೆ. ಗಿರಾಕಿ ಗಲಾಟೆಯ ನಡುವೆ ಕಲ್ಯಾಣಿ ಫೋನು ಮಾಡಿದ್ದಳು. ಹಳೇ ಬೆಳೆ ಚೆನ್ನಾಗಿ ಬಂತು, ನಾಳೆ ಹೊಸ ಹುಳ ತರ್ತೀವಿ, ಆ ಫ್ಯಾನಿಂದು ಏನಾಯ್ತು ಎಂದು ಕೇಳಿದಳು. ಕೌಂಟರಿನಲ್ಲೇ ಪಟ್ಟಿ ತೆರೆದು ನೋಡಿದೆ, ಬಾಕಿಯಲ್ಲಿ ಅವಳ ಹೆಸರಿಲ್ಲ. “ನಿಮ್ಮನೇದೇನೂ ಬಾಕಿ ಇಲ್ಲಮ್ಮ, ಎಲ್ಲಾ ಕ್ಲಿಯರ್ ಆಗೈತೆ” ಎಂದೆ. ಸಂತೋಷಪಟ್ಟಳು. ದಿನಾ ಒಳಗೆ ಹೋಗಿ ಫ್ಯಾನಿನ ರೆಕ್ಕೆ ನೋಡಿ ನೋಡಿ ಕತ್ತು ಹಿಡ್ಕೊಂಡಿತ್ತು ಎಂದಳು.

ಡಿಸೆಂಬರ್ 19, ಗುರುವಾರ

ಚಳಿ. ಕರೆಂಟು ಗಳಿಗೆಗೊಮ್ಮೆ ಕೈಕೊಡುತ್ತಿದೆ. ಎದುರಂಗಡಿಯಲ್ಲಿ ಇದ್ದಿಲು ಮೂಟೆಗಟ್ಟಲೆ ಹೋಗುತ್ತಿದೆ.

ಡಿಸೆಂಬರ್ 24, ಮಂಗಳವಾರ

ಓಬಳಮ್ಮ ಹೋದರು. ಹುಳುಮನೆಯಲ್ಲೇ.

ಬೆಳಗಿನ ಜಾವ ಕರೆಂಟು ಹೋಗಿದೆ. ಹೀಟರು ನಿಂತಿತೆಂದು ಮುದುಕಿ ಕುಂಪಟಿಯಲ್ಲಿ ಇದ್ದಿಲು ಹಚ್ಚಿದ್ದಾರೆ. ಬಾಗಿಲು ಒಂದಷ್ಟು ತೆಗೆದೇ ಇಟ್ಟಿದ್ದಾರೆ, ಅದು ಅವರಿಗೆ ಗೊತ್ತು. ಕರೆಂಟು ಬಂದ ಮೇಲೆ ಬಾಗಿಲು ಹಾಕಿಕೊಂಡು ತಟ್ಟೆಗಳ ನಡುವೆ ಚಾಪೆಯ ಮೇಲೆ ಒರಗಿದ್ದಾರೆ. ಸೊಪ್ಪು ತಂದ ಕಲ್ಯಾಣಿ ಬಾಗಿಲು ತೆಗೆದಾಗ ಇದ್ದಿಲು ಇನ್ನೂ ಕೆಂಪಗಿತ್ತಂತೆ.

ಪೊಲೀಸರು ಬಂದು ಕುಂಪಟಿಯ ಹೊಗೆ ಎಂದು ಬರೆದುಕೊಂಡು ಹೋದರಂತೆ. ಹೊಗೆಯೇ. ಬೇರೇನಿರುತ್ತದೆ.

ಡಿಸೆಂಬರ್ 26, ಗುರುವಾರ

ಮಣ್ಣಿಗೆ ಹೋಗಲಾಗಲಿಲ್ಲ, ಲೋಡು ಬಂದಿತ್ತು. ಇವತ್ತು ಹೋಗಿ ಮಾತಾಡಿಸಿಕೊಂಡು ಬಂದೆ.

ಹುಳುಮನೆಗೂ ಹೋದೆ. ಯಾರೂ ತಡೆಯಲಿಲ್ಲ. ಹುಳುಗಳಿಗೆ ಏನೂ ಆಗಿಲ್ಲ. ಸಾವಿನ ಮನೆಯಾದರೂ ಹುಳ ಉಪವಾಸ ಬಿಡುವಂತಿಲ್ಲವೆಂದು ಬೀದಿಯವರು ಸರದಿಯ ಮೇಲೆ ಸೊಪ್ಪು ಹಾಕುತ್ತಿದ್ದಾರೆ. ನಾನು ಹೋದಾಗ ಸರದಿ ತಡವಾಗಿತ್ತು, ತಟ್ಟೆ ತುಂಬ ತಲೆಯೆತ್ತಿಕೊಂಡು ಕಾಯುತ್ತಿದ್ದವು. ಪೆಟ್ಟಿಗೆಯಲ್ಲಿ ಹಸಿರು ಲೈಟು, ‘ಫ್ಯಾನು ತಿರುಗುತ್ತಿದೆ’. ಕತ್ತೆತ್ತಿ ನೋಡಿದೆ. ರೆಕ್ಕೆಯ ಮೇಲೆ ಜೇಡ ಬಲೆ ಕಟ್ಟಿತ್ತು.

ಹೊರಗೆ ಜಗುಲಿಯ ಮೇಲೆ ಕಲ್ಯಾಣಿಯ ಗಂಡ ಚಲಪತಿ, ಅವನ ದೊಡ್ಡಪ್ಪ ನಲ್ಲಪ್ಪ, ಇನ್ನೂ ನಾಲ್ಕು ಜನ. ಮಾತು ಫ್ಯಾನಿನದಲ್ಲ, ಕಲ್ಯಾಣಿಯದು. ಹೋದ ಬೆಳೆಯಲ್ಲಿ ಹುಳ ಜ್ವರದಲ್ಲಿದ್ದಾಗ ಅವಳು ಬೇಲಿ ಹತ್ತಿರ ನಿಂತು ಹುಳುಮನೆ ಕೆಟ್ಟಿದೆ ಎಂದು ಹೊರಗಿನವರ ಹತ್ತಿರ ಬಾಯಿಬಿಟ್ಟಳಂತೆ, ಪಕ್ಕದ ಮನೆಯವಳು ಕಣ್ಣಾರೆ ನೋಡಿದಳಂತೆ. ಅದಾದ ಮೇಲೆ ಮನೆಗೆ ಇದು ಬಂತು. ಆ ಹೊರಗಿನವನು ನಾನೇ ಎಂದು ಅವರಿಗೆ ಗೊತ್ತಿತ್ತು. ಆದರೂ ನನ್ನ ಕಡೆ ಯಾರೂ ನೋಡಲಿಲ್ಲ. ಕೇಳಿದವನ ಮೇಲೆ ತಪ್ಪಿಲ್ಲ, ಹೇಳಿದವಳ ಮೇಲೆ ಮಾತ್ರ. ಕಾಫಿ ಕೊಟ್ಟರು. ಕುಡಿದೆ.

ಕಲ್ಯಾಣಿ ಒಳಗಿನಿಂದ ಬರಲಿಲ್ಲ.

ಡಿಸೆಂಬರ್ 30, ಸೋಮವಾರ

ವೇಣು ಅಂಗಡಿಗೆ ಬಂದ. ಇಬ್ಬರೂ ಕೂತು ಮುಚ್ಚಿದ ದೂರುಗಳನ್ನು ಓದಿದೆವು. ಮುಚ್ಚಿದ್ದನ್ನು ಓದುವುದು ನನಗೆ ಇದೇ ಮೊದಲು.

ಫ್ಯಾನಿನವು ಮೂರಿದ್ದವು. ಅಕ್ಟೋಬರಿನಲ್ಲಿ ತೊಂಡೇಬಾವಿಯಿಂದ ಒಂದು: ‘ಫ್ಯಾನು ಸರಿಯಾಗಿಲ್ಲ, ಪರವಾಗಿಲ್ಲ’. ನವೆಂಬರ್ ಮೊದಲ ವಾರ ಚಿಂತಾಮಣಿ ಪಕ್ಕದ ಹಳ್ಳಿಯಿಂದ: ‘ಕರೆಂಟು ಬಂದಾಗ ಸ್ವಲ್ಪ ಸೆಕೆ, ಪರವಾಗಿಲ್ಲ’. ಮೂರನೆಯದು ಕಲ್ಯಾಣಿಯದು. ಎಲ್ಲವೂ ನನಗೇ ಹೇಳಿದ್ದವು, ಫೋನಿನಲ್ಲಿ ಬೆರಳಿನಿಂದ ನಾನೇ ಬರೆದವು. ಮೊದಲೆರಡಕ್ಕೆ ‘ಸಣ್ಣದು’ ಎಂದು ಗುರುತು ಹಾಕಿದ್ದೆ, ಅವರೇ ಪರವಾಗಿಲ್ಲ ಎಂದಿದ್ದರಲ್ಲ. ಒಂದೊಂದಕ್ಕೂ ಪಟ್ಟಿ ಲಾಗ್ ಕೇಳಿದೆ, ಹುಳ ತಟ್ಟೆಯ ಮೇಲಿದ್ದ ಮನೆಯವರು ಯಾರೂ ಉತ್ತರ ಕೊಟ್ಟಿಲ್ಲ, ಒಂದೊಂದೇ ಮುಚ್ಚಿಕೊಂಡಿವೆ. ಒಂದು ಬಂದಾಗ ಇನ್ನೊಂದು ಕಣ್ಣಿಗೆ ಬೀಳುವಂತಿರಲಿಲ್ಲ.

ವೇಣು ತಲೆಯ ಮೇಲೆ ಕೈಹೊತ್ತು ಕೂತ. “ಮೂರೂ ಒಟ್ಟಿಗೆ ಕಂಡಿದ್ರೆ ಅವತ್ತೇ ಹಿಡೀತಿದ್ದೆ ಅಣ್ಣ. ಬೆಳೆ ಒಂದು ತಿಂಗಳು ಇರುತ್ತೆ. ವಾರ ಅಂತ ಯಾಕೆ ಹಾಕಿಸಿದ್ರಿ? ನಂಗೆ ಹುಳ ಗೊತ್ತಿಲ್ಲ. ನಿಮ್ಗೆ ಗೊತ್ತಿತ್ತಲ್ಲ.”

ಎರಡು ಟೀ ಹೇಳಿದೆ.

ಈಗಲೇ ಮೂರನ್ನೂ ತೆರೆದು, ಸಾವಾಗಿದೆ ಎಂದು ಎಲ್ಲರಿಗೂ ಕಾಣುವ ಹಾಗೆ ಎಚ್ಚರಿಕೆ ಹಾಕಬೇಕೆಂದು ಅವನ ಹಟ. ಒಂಬತ್ತಕ್ಕೆ ಸಹಿ, ಅಲ್ಲಿಯವರೆಗೆ ತಡೆ ಎಂದೆ. ನಮ್ಮ ಪೆಟ್ಟಿಗೆ ಇರುವ ಮನೆಗಳಿಗೆಲ್ಲ ನಾನೇ ಹೋಗಿ ಇದ್ದಿಲು ಹಚ್ಚಬೇಡಿ ಎಂದು ಹೇಳಿಬರುತ್ತೇನೆ, ಕಾರಣ ಹೇಳಬೇಕಾಗಿಲ್ಲ ಎಂದೆ. ಅರ್ಧ ಗಂಟೆ ಮಾತಾಡಿ ಒಪ್ಪಿಸಿದೆ. ಮಾತಿನಲ್ಲಿ ನನ್ನನ್ನು ಗೆದ್ದವರಿಲ್ಲ. ಹೋಗುವಾಗ ಅವನು ಬರ್ತೀನಿ ಎಂದು ಹೇಳದೆ ಹೋದ.

ಡಿಸೆಂಬರ್ 31, ಮಂಗಳವಾರ

ಆರು ಹಳ್ಳಿ ತಿರುಗಿದೆ. ಇದ್ದಿಲು ಬೇಡ, ಫ್ಯಾನಿನ ರೆಕ್ಕೆ ಕಣ್ಣಿನಿಂದ ನೋಡಿ. ಯಾಕೆ ಎಂದು ಎಲ್ಲರೂ ಕೇಳಿದರು. ಕಂಪನಿಯ ಆರ್ಡರು ಎಂದೆ. ಕಂಪನಿ ಎಲ್ಲಿದೆ?

2025 ಜನವರಿ 1, ಬುಧವಾರ

ಕಲ್ಯಾಣಿ ಅಂಗಡಿಗೆ ಬಂದಿದ್ದಳು. ಕೈಯಲ್ಲಿ ಒಂದು ಬಟ್ಟೆ ಚೀಲ. ತವರಿಗೆ, ಶಿಡ್ಲಘಟ್ಟಕ್ಕೆ ಹೋಗುತ್ತಿದ್ದಾಳೆ. ತಿಥಿಗೆ ಬಂದು ಹೋಗು, ಆಮೇಲೆ ನೋಡೋಣ ಎಂದಿದ್ದಾನೆ ಚಲಪತಿ. ಸ್ಟೂಲು ಕೊಟ್ಟರೆ ಕೂರಲಿಲ್ಲ.

“ನಾನು ಹೇಳಿದ್ದು ನಿಮ್ಗೆ ತಲುಪಿತ್ತಾ ಅಣ್ಣ?”

“ತಲುಪಿತ್ತಮ್ಮ.”

“ಮತ್ತೆ ಕ್ಲಿಯರ್ ಆಗೈತೆ ಅಂದ್ರಿ.”

“ಲಿಸ್ಟಲ್ಲಿ ಬಾಕಿ ಕಾಣ್ಲಿಲ್ಲ. ಅದಕ್ಕಂದೆ.”

ಅವಳು ಗೋಡೆಗೆ ನೇತುಹಾಕಿದ ಖಾಲಿ ಪೆಟ್ಟಿಗೆಗಳ ಕಡೆ ತಿರುಗಿದಳು. “ನೀವು ಹಂಗಂದ ದಿನದಿಂದ ನಾನು ಮೇಲೆ ನೋಡೋದು ಬಿಟ್ಟೆ. ನಮ್ಮತ್ತೆಗೂ ಹೇಳ್ದೆ, ಸರಿಹೋಗೈತಂತೆ ಅಂತ. ಅದನ್ನೇ ನಂಬಿ ಕರೆಂಟು ಬಂದ ಮೇಲೆ ಬಾಗಿಲು ಹಾಕ್ಕೊಂಡ್ರು. ನಾನು ಹೇಳ್ಬಾರದ ಕಾಲದಲ್ಲಿ ಹೇಳ್ದೆ ಅಂತ ಊರು ಅಂತದೆ. ನೀವು ಬಂದು, ನಾನು ಹೇಳಿದ್ದು ನಿಜ ಇತ್ತು ಅಂತ ಒಂದು ಮಾತು ಹೇಳಿ. ಇನ್ನೇನೂ ಬೇಡ.”

ಒಂಬತ್ತು ಕಳೆಯಲಿ, ಬಂದು ಎಲ್ಲರನ್ನೂ ಕೂರಿಸಿ ಮಾತಾಡುತ್ತೇನೆ ಎಂದೆ. ಒಂಬತ್ತಕ್ಕೆ ಏನು ಎಂದು ಅವಳು ಕೇಳಲಿಲ್ಲ. ತಿಥಿ ಮೂರಕ್ಕೆ ಅಣ್ಣ, ಎಂದಳು. ಬಸ್ಸು ಬಂತು.



ಜನವರಿ 2, ಗುರುವಾರ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಮೂರನ್ನೂ ತೆರೆದೆ. ಒಂದಕ್ಕೊಂದು ಜೋಡಿಸಿದೆ. ಮೇಲೆ ಬರೆದೆ: ಹಸಿರು ಲೈಟು ನಂಬಬೇಡಿ, ಒಳಗೆ ಇದ್ದಿಲು ಹಚ್ಚಬೇಡಿ, ಒಬ್ಬರು ಸತ್ತಿದ್ದಾರೆ, ಮೂರು ಸಲ ದೂರು ಬಂದಿತ್ತು, ನಾವು ಮುಚ್ಚಿದ್ದೆವು. ಕನ್ನಡದಲ್ಲಿ ಬರೆದು ವೇಣುವಿಗೆ ಕಳಿಸಿ, ಇದನ್ನು ಇಂಗ್ಲಿಷಿಗೆ ಮಾಡಿ ಹಾಕು ಎಂದೆ. ಹಾಕಿದ.

ಬಳಿಕ ಲೋಡು ಇಳಿಸಿಕೊಂಡೆ.

ಜನವರಿ 3, ಶುಕ್ರವಾರ

ತಿಥಿ. ಊಟಕ್ಕೆ ಮುಂಚೆ ಜಗುಲಿಯಲ್ಲಿ ಎಲ್ಲ ಕೂತಿದ್ದಾಗ ಎದ್ದು ನಿಂತೆ. ಈ ಜಿಲ್ಲೆಯಲ್ಲಿ ನಾನು ಮಾತಾಡದ ಜಗುಲಿ ಇಲ್ಲ. ಪೆಟ್ಟಿಗೆ ಮಾರುವಾಗ ನನಗೆ ಪದ ಹುಡುಕಬೇಕಾಗಿಲ್ಲ. ಇವತ್ತು ಹುಡುಕಿದೆ.

“ಕಲ್ಯಾಣಿ ಹೇಳಿದ್ದು ನಿಜ. ಫ್ಯಾನು ಕೆಟ್ಟಿತ್ತು. ನಾನು ಬರ್ಕೊಂಡೆ, ಮುಚ್ಚಿಹೋಯ್ತು, ಮುಚ್ಚಿದ್ದನ್ನ ಸರಿಹೋಗಿದೆ ಅಂತ ಇವಳಿಗೆ ಹೇಳ್ದೆ. ಅದಕ್ಕೇ ಇವಳು ನೋಡೋದು ಬಿಟ್ಟಳು. ಇವಳ ಬಾಯಿಂದ ಏನೂ ಆಗಲಿಲ್ಲ. ನನ್ನಿಂದ ಆಯ್ತು.”

ಯಾರೂ ಎದ್ದು ಹೊಡೆಯಲಿಲ್ಲ. ಅದಕ್ಕೆ ತಯಾರಾಗಿ ಹೋಗಿದ್ದೆ. ಚಲಪತಿ ನೆಲ ನೋಡುತ್ತಿದ್ದ. ನಲ್ಲಪ್ಪ ಎಲೆ ಅಗಿಯುವುದು ನಿಲ್ಲಿಸಿ, ದನದ ವ್ಯಾಪಾರಕ್ಕೆ ಕೂತವರಂತೆ ನಿಧಾನವಾಗಿ ಹೇಳಿದರು.

“ಸರಿಯಪ್ಪ. ನೀನು ತಪ್ಪು ಮಾಡ್ದೆ, ಒಪ್ಕೊಂಡೆ. ಹುಳ ಇದ್ದಾಗ ಅವಳು ಬಾಯಿ ಬಿಟ್ಟಿದ್ದೂ ತಪ್ಪೇ. ನಿನ್ನ ತಪ್ಪು ಜಾಸ್ತಿ ಆಯ್ತು ಅಂತ ಅವಳ್ದು ಕಮ್ಮಿ ಆಗಲ್ಲ.”

ಕಲ್ಯಾಣಿ ಬಾಗಿಲ ಹಿಂದೆ ನಿಂತಿದ್ದಳು, ಸೆರಗು ಕಾಣುತ್ತಿತ್ತು. ಅಲ್ಲಿಂದಲೇ ಮಾತಾಡಿದಳು, ತಗ್ಗಿಸದೆ. “ನಾನು ಒಂದ್ಸಲ ಮೆಲ್ಲಗೆ ಹೇಳ್ದೆ. ಬೀದೀಲಿ ನಿಂತು ಕೂಗಿ ಹೇಳ್ಬೇಕಾಗಿತ್ತು. ಅದು ನನ್ನ ತಪ್ಪು.”

ಅಷ್ಟೇ. ಆಮೇಲೆ ಎಲೆ ಹಾಕಿದರು. ನನಗೂ ಹಾಕಿದರು. ಪಕ್ಕದ ಎಲೆಯವನು ಎದ್ದು ಬೇರೆ ಪಂಕ್ತಿಗೆ ಹೋದ.

ಜನವರಿ 9, ಗುರುವಾರ

ಪವಿತ್ರ ಅವರ ಫೋನು. ನೀವು ತೆರೆದಿಟ್ಟದ್ದರ ಬಗ್ಗೆ ವೈಯಕ್ತಿಕವಾಗಿ ನನಗೆ ಗೌರವವಿದೆ, ಆದರೆ ಸಾವು ಸೇರಿರುವ ಪ್ರಾಜೆಕ್ಟಿಗೆ ಮಂಡಳಿ ಸಹಿ ಹಾಕುವುದಿಲ್ಲ ಎಂದರು. ಮುಚ್ಚಿಟ್ಟಿದ್ದರೆ ಹಾಕುತ್ತಿದ್ದರೇ ಎಂದು ಕೇಳಬೇಕೆನಿಸಿತು. ಆಯ್ತಮ್ಮ ಎಂದೆ.

ಸಂಜೆ ಏಳು ಪೆಟ್ಟಿಗೆ ವಾಪಸು ಬಂದವು, ಒಂದೇ ಆಟೋದಲ್ಲಿ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಕವಿತ ಎಳ್ಳು ಬೀರಲು ಹೋಗಿದ್ದಾಳೆ. ಅಸ್ಸಾಮಿನಿಂದ ಒಬ್ಬರು ಪಟ್ಟಿಯಲ್ಲಿ ಉತ್ತರ ಬರೆದಿದ್ದಾರೆ, ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಅಲ್ಲೂ ಹುಳುಮನೆಗಳಲ್ಲಿ ‘ಬೆಚ್ಚಗೆ’ ಹಾಕಿಕೊಂಡಿದ್ದಾರಂತೆ, ನಮಗೆ ಗೊತ್ತೇ ಇರಲಿಲ್ಲ. ಮೂರು ದೂರನ್ನು ಪಕ್ಕಪಕ್ಕದಲ್ಲಿ ಓದಿದ ಕೂಡಲೇ ತಿಳಿಯಿತಂತೆ: ಕರೆಂಟು ಬಂದಾಗ ಪೆಟ್ಟಿಗೆಯ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಫ್ಯಾನಿಗೆ ಶುರುಮಾಡು ಎಂದು ಹೇಳುವ ಗಳಿಗೆ ಬರುವುದೇ ಇಲ್ಲ, ಲೈಟು ಮಾತ್ರ ಹಳೆಯ ಮಾತನ್ನೇ ಹೇಳುತ್ತಿರುತ್ತದೆ. ಸರಿಮಾಡಿಯೂ ಕಳಿಸಿದ್ದಾರೆ. ಹನ್ನೊಂದು ಸಾಲು. ವೇಣು ನೋಡಿ ಸೇರಿಸಿದ.

ಹನ್ನೊಂದು ಸಾಲು ಎಂದರೆ ನನ್ನ ಬಿಲ್ಲು ಪುಸ್ತಕದ ಅರ್ಧ ಹಾಳೆ.

ಜನವರಿ 27, ಸೋಮವಾರ

ತೊಂಡೇಬಾವಿಯಲ್ಲಿದ್ದೆ. ಹಳೆಯ ಪೆಟ್ಟಿಗೆಗಳಿಗೆ ಹೊಸದನ್ನು ತುಂಬುವುದು ಒಂದೊಂದೇ ಮನೆಗೆ ಹೋಗಿ ಆಗಬೇಕು. ವಾರದ ನಿಯಮ ತೆಗೆಸಿದ್ದೇನೆ. ಈಗ ದೂರು ಬಂದರೆ ಅದರ ಮುಂದೆ ಆ ಮನೆಯ ಬೆಳೆ ಯಾವಾಗ ಮುಗಿಯುತ್ತದೆ ಎಂದು ಬರೆದುಕೊಳ್ಳುತ್ತೇನೆ, ಗೂಡು ಬಿಡಿಸಿದ ಮಾರನೆಯ ದಿನ ಫೋನು ಮಾಡುತ್ತೇನೆ. ಅವತ್ತು ಬಾಯಿ ಬಿಡುತ್ತಾರೆ. ಪರವಾಗಿಲ್ಲ ಎಂದವರ ಮನೆಗೆ ಅದೇ ವಾರ ಹೋಗಿಬರುತ್ತೇನೆ. ಬಾಕಿ ನೂರ ನಲವತ್ತು ದಾಟಿದೆ. ನೋಡಲು ಕೆಟ್ಟದಾಗಿದೆ. ಮುಚ್ಚಿದವನ್ನು ದಿನಕ್ಕೆ ಹತ್ತರಂತೆ ಓದಿ ಮತ್ತೆ ತೆರೆಯುತ್ತಿದ್ದೇನೆ, ಬೇರೆ ಕೆಲಸವೂ ಇಲ್ಲ.

ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಕಲ್ಯಾಣಿಯನ್ನು ನೋಡಿದೆ. ಪಟ್ಟಿಯ ಕೆಲಸಕ್ಕೆ ನೀನು ಸೇರಿಕೋ, ಹೆಂಗಸರು ನಿನಗೆ ಹೇಳುತ್ತಾರೆ ಎಂದೆ. ಅವಳು ಗೂಡು ಬೇಯಿಸಿ ನೂಲು ಬಿಚ್ಚುವ ಕಡೆ ಕೂಲಿಗೆ ಹೋಗುತ್ತಿದ್ದಾಳೆ, ಬೆರಳೆಲ್ಲ ಬಿಸಿನೀರಿಗೆ ಬೆಂದಿದೆ.

“ಬೇಡ ಅಣ್ಣ. ಇನ್ನೊಬ್ರ ಮನೆ ಕೆಡುಕೂ ನನ್ನ ಬಾಯಲ್ಲಿ ಯಾಕೆ.”

ಫೆಬ್ರುವರಿ 23, ಭಾನುವಾರ

ಇವತ್ತು ಕೊನೆಯ ಹಳೆಯ ಪೆಟ್ಟಿಗೆಗೂ ಹೊಸದು ತುಂಬಿ ಆಯಿತು. ಯಾರಿಗೆ ಏನು ಸಿಕ್ಕಿತು ಎಂದು ಬರೆಯುತ್ತೇನೆ.

ಪ್ರತಿಷ್ಠಾನಕ್ಕೆ ಬೇರೊಂದು ಪ್ರಾಜೆಕ್ಟು ಸಿಕ್ಕಿತು, ಅದರ ಪಟ್ಟಿಯಲ್ಲಿ ಬಾಕಿ ನಾಲ್ಕೇ ಅಂತೆ. ಅಸ್ಸಾಮಿನವರಿಗೆ ತಿರುಗುವ ಫ್ಯಾನು. ವೇಣುವಿಗೆ ತುಮಕೂರಿನಲ್ಲಿ ಖಾಯಂ ಕೆಲಸ. ಪ್ರಾಜೆಕ್ಟಿನ ಬೀಗದಕೈಗಳನ್ನೆಲ್ಲ ಕೊಟ್ಟು ಹೋದ, ಅಪರೂಪಕ್ಕೆ ಪಟ್ಟಿಯಲ್ಲೇ ಉತ್ತರ ಬರೆಯುತ್ತಾನೆ, ಫೋನು ಎತ್ತುವುದಿಲ್ಲ. ಬಸ್ ಸ್ಟ್ಯಾಂಡಿನ ಹೊಸ ಅಂಗಡಿಯವನಿಗೆ ನನ್ನ ಗಿರಾಕಿಗಳು. ಚಲಪತಿಗೆ ಆ ಬೆಳೆ, ಬೀದಿಯವರು ಸೊಪ್ಪು ಹಾಕಿ ಸಾಕಿದ್ದು. ಇತ್ತೀಚಿನ ವರ್ಷಗಳಲ್ಲೇ ಚೆನ್ನಾಗಿ ಬಂತಂತೆ. ಹೆಂಡತಿಯನ್ನು ಕರೆಯಲು ಇನ್ನೂ ಹೋಗಿಲ್ಲ. ನನಗೆ ನೂರ ಅರವತ್ತೆರಡು ಬಾಕಿ.

ಕಲ್ಯಾಣಿಗೆ ಎರಡು. ಪಟ್ಟಿಯಲ್ಲಿ ಆ ದೂರಿನ ಎದುರು ‘ಕಂಡುಹಿಡಿದವರು: ಕಲ್ಯಾಣಿ’ ಎಂದು ಇದೆ, ಅಸ್ಸಾಮಿನವರೂ ಓದುತ್ತಾರೆ. ಊರಿನಲ್ಲಿ ಸಾವು ಅವಳ ಹೆಸರಿನಲ್ಲಿದೆ.

ಓಬಳಮ್ಮನವರಿಗೆ ಏನೂ ಇಲ್ಲ.